ಸಾಂವಿಧಾನಿಕ ರಾಜಪ್ರಭುತ್ವ: ಸಹಿ ರಾಜನದು, ನಿರ್ಧಾರ ಯಾರದು?

ರಾಜ ಇರುತ್ತಾನೆ, ಆದರೆ ಆಳುವುದಿಲ್ಲ. ಸಾಂವಿಧಾನಿಕ ರಾಜಪ್ರಭುತ್ವ ಅಂದರೆ ಇದೇ. ಬ್ರಿಟನ್, ಬೆಲ್ಜಿಯಂ, ಸ್ಪೇನ್, ಸ್ವೀಡನ್, ಜಪಾನ್ ಎಲ್ಲ ಈ ಸಾಲಿಗೆ ಸೇರುತ್ತವೆ. ಅಲ್ಲಿ ಪಟ್ಟ ವಂಶದಿಂದ ಬರುತ್ತದೆ, ಸರ್ಕಾರ ಚುನಾವಣೆಯಿಂದ. ಕೆಳಮನೆಯಲ್ಲಿ ಯಾರ ಬೆನ್ನಿಗೆ ಬಹುಮತ ಇದೆಯೋ ಅವರು ಪ್ರಧಾನಿ; ಆ ಬಹುಮತ ಕೈತಪ್ಪಿದರೆ ಒಂದೋ ರಾಜೀನಾಮೆ ಕೊಡಬೇಕು, ಇಲ್ಲವೇ ಮತ್ತೆ ಜನರ ಮುಂದೆ ಹೋಗಬೇಕು.

ಹಾಗಾದರೆ ರಾಜನಿಗೆ ಏನು ಕೆಲಸ? ಬ್ರಿಟನ್ನಿನಲ್ಲಿ ಅಧಿವೇಶನ ಶುರುವಾಗುವ ದಿನ ನೋಡಿ. ಮೂರನೇ ಚಾರ್ಲ್ಸ್ ಕಿರೀಟ ಧರಿಸಿ, ಮೇಲ್ಮನೆಯ ಸಿಂಹಾಸನದಲ್ಲಿ ಕೂತು, 'ನನ್ನ ಸರ್ಕಾರ' ಇಂಥಿಂಥ ಕಾನೂನು ತರಲಿದೆ ಅಂತ ಓದುತ್ತಾರೆ. ಓದುವುದಷ್ಟೇ, ಬರೆಯುವವರು ಮಂತ್ರಿಗಳು. 2023ರ ನವೆಂಬರ್‌ನಲ್ಲಿ ರಿಷಿ ಸುನಕ್ ಸರ್ಕಾರ ಬರೆದುಕೊಟ್ಟದ್ದನ್ನು ಓದಿದರು. 2024ರ ಜುಲೈನಲ್ಲಿ, ಸುನಕ್ ಅವರನ್ನು ಸೋಲಿಸಿ ಬಂದ ಕೀರ್ ಸ್ಟಾರ್ಮರ್ ಸರ್ಕಾರ ಬರೆದುಕೊಟ್ಟದ್ದನ್ನೂ ಓದಿದರು. ಎರಡರಲ್ಲಿ ಯಾವುದು ಅವರಿಗೆ ಹಿಡಿಸಿತು ಅಂತ ಯಾರಿಗೂ ಗೊತ್ತಾಗಬಾರದು.

ಮಸೂದೆಗಳ ಕಥೆಯೂ ಅಷ್ಟೇ. ರಾಜನ ಅಂಕಿತ ಬೀಳದೆ ಅವು ಕಾನೂನಾಗುವುದಿಲ್ಲ, ಆದರೆ ಅಲ್ಲಿ ಅಂಕಿತ ನಿರಾಕರಿಸಿದ ಕೊನೆಯವರು ರಾಣಿ ಆ್ಯನ್, ಅದೂ 1708ರಲ್ಲಿ. ವಾರಕ್ಕೊಮ್ಮೆ ಪ್ರಧಾನಿ ಬಂದು ಕಂಡಾಗ ರಾಜ ಕೇಳಬಹುದು, ಎಚ್ಚರಿಸಬಹುದು. ಮೀರಿ ಏನೂ ಮಾಡುವಂತಿಲ್ಲ.

ಇದೆಲ್ಲ ಸುಮ್ನೆ ನಾಟಕ ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಇದರ ಹಿಂದೆ ಒಂದು ಗಟ್ಟಿ ಲೆಕ್ಕ ಇದೆ: ತಪ್ಪಾದರೆ ಯಾರನ್ನು ಹಿಡಿದು ಕೇಳಬಹುದೋ ಅವರೇ ನಿರ್ಧಾರ ಮಾಡಬೇಕು. ಮಂತ್ರಿಯನ್ನು ಸಂಸತ್ತಿನಲ್ಲಿ ಎಬ್ಬಿಸಿ ನಿಲ್ಲಿಸಿ ಕೇಳಬಹುದು, ಮುಂದಿನ ಚುನಾವಣೆಯಲ್ಲಿ ಮನೆಗೆ ಕಳಿಸಬಹುದು. ರಾಜನನ್ನು ಹಾಗೆ ಕಳಿಸಲಾಗುವುದಿಲ್ಲ ಅಲ್ವಾ, ಅದಕ್ಕೇ ಅವನ ಸಹಿಯ ಹಿಂದೆ ಹೊಣೆ ಹೊರುವ ಮಂತ್ರಿಗಳು ಇರುತ್ತಾರೆ.

ರಾಜನ ಮನಸ್ಸು ಒಪ್ಪದಿದ್ದರೆ? 1990ರಲ್ಲಿ ಬೆಲ್ಜಿಯಂ ರಾಜ ಬೋದುವಾನ್, ಗರ್ಭಪಾತಕ್ಕೆ ಅವಕಾಶ ಕೊಡುವ ಕಾನೂನಿಗೆ ಸಹಿ ಹಾಕಲು ನನ್ನ ಆತ್ಮಸಾಕ್ಷಿ ಒಪ್ಪುವುದಿಲ್ಲ ಅಂದರು. ಸರ್ಕಾರ ಉಪಾಯ ಹುಡುಕಿತು. ರಾಜ ಸದ್ಯ ಆಳುವ ಸ್ಥಿತಿಯಲ್ಲಿಲ್ಲ ಅಂತ ಘೋಷಿಸಿ, ಮಂತ್ರಿಗಳೇ ಸಹಿ ಹಾಕಿ ಮುಗಿಸಿದರು. ಒಂದೆರಡು ದಿನದಲ್ಲೇ ಸಂಸತ್ತು ಅವರಿಗೆ ಪಟ್ಟ ವಾಪಸ್ ಕೊಟ್ಟಿತು. ಸ್ವೀಡನ್ನಿನವರು ಈ ಗೊಡವೆಯೇ ಬೇಡ ಅಂದುಕೊಂಡರು. ಅವರ 1974ರ ಸಂವಿಧಾನದಲ್ಲಿ ಕಾನೂನಿಗೆ ರಾಜನ ಸಹಿಯೇ ಬೇಕಿಲ್ಲ, ಪ್ರಧಾನಿಯ ಹೆಸರು ಸೂಚಿಸುವುದೂ ಸ್ಪೀಕರ್.

ಬರೆದಿಟ್ಟ ನಿಯಮಕ್ಕಿಂತ ರೂಢಿಯೇ ಜಾಸ್ತಿ ಇರುವ ಕಡೆ ತೊಡಕು ಬರುತ್ತದೆ. ಆಸ್ಟ್ರೇಲಿಯಾದಲ್ಲಿ ಬ್ರಿಟನ್ನಿನ ರಾಜ ಅಥವಾ ರಾಣಿಯ ಪರವಾಗಿ ಗವರ್ನರ್ ಜನರಲ್ ಇರುತ್ತಾರೆ. 1975ರ ನವೆಂಬರ್ 11ರಂದು ಆ ಸ್ಥಾನದಲ್ಲಿದ್ದ ಜಾನ್ ಕೆರ್, ಮೇಲ್ಮನೆ ಬಜೆಟ್ಟಿಗೆ ಒಪ್ಪಿಗೆ ಕೊಡದೆ ತಡೆದು ಕೂತಿದೆ ಅನ್ನುವ ಕಾರಣಕ್ಕೆ, ಕೆಳಮನೆಯಲ್ಲಿ ಬಹುಮತ ಇದ್ದ ಪ್ರಧಾನಿ ಗಾಫ್ ವಿಟ್ಲಮ್ ಅವರನ್ನೇ ವಜಾ ಮಾಡಿ, ವಿರೋಧ ಪಕ್ಷದ ಮಾಲ್ಕಂ ಫ್ರೇಸರ್ ಅವರನ್ನು ಕೂರಿಸಿದರು. ಅದೇ ಮಧ್ಯಾಹ್ನ ಕೆಳಮನೆ, ಫ್ರೇಸರ್ ಮೇಲೆ ನಮಗೆ ವಿಶ್ವಾಸ ಇಲ್ಲ ಅಂತ ನಿರ್ಣಯ ಮಾಡಿತು. ಆ ನಿರ್ಣಯ ಹಿಡಿದು ಸ್ಪೀಕರ್ ಹೋಗಿ ಕೆರ್ ಅವರನ್ನು ಕಾಣುವಷ್ಟರಲ್ಲಿ ಸಂಸತ್ತೇ ವಿಸರ್ಜನೆಯಾಗಿತ್ತು. ಡಿಸೆಂಬರ್ ಚುನಾವಣೆಯಲ್ಲಿ ಫ್ರೇಸರ್ ಭಾರಿ ಬಹುಮತದಿಂದ ಗೆದ್ದರು, ಆದರೆ ಕೆರ್ ಮಾಡಿದ್ದು ಸರಿಯೋ ತಪ್ಪೋ ಅನ್ನುವ ವಾದ ಅಲ್ಲಿ ಈಗಲೂ ಮುಗಿದಿಲ್ಲ.