ಕಾಂಪೋಸಿಟ್ ನೆಗ್ಲಿಜೆನ್ಸ್: ತಪ್ಪು ಇಬ್ಬರದ್ದು, ದುಡ್ಡು ಯಾರು ಕೊಡಬೇಕು?

ಗಂಗಾವತಿಯಿಂದ ಸಿಂಧನೂರಿಗೆ ಹೋಗುವ ರಸ್ತೆ. ಭತ್ತದ ಕೊಯ್ಲಿನ ಕಾಲ, ರಾತ್ರಿ ಹೊತ್ತು. ಕಾರಟಗಿ ದಾಟಿದ ಮೇಲೆ ಚೀಲ ಹೇರಿದ ಒಂದು ಟ್ರ್ಯಾಕ್ಟರ್ ಪಂಕ್ಚರ್ ಆಗಿ ಅರ್ಧ ರಸ್ತೆ ಹಿಡಿದು ನಿಂತಿದೆ ಅಂದುಕೊಳ್ಳಿ. ಟ್ರೇಲರ್ ಹಿಂದೆ ಲೈಟಿಲ್ಲ, ರಿಫ್ಲೆಕ್ಟರ್ ಇಲ್ಲ, ಗುರುತಿಗೆ ಒಂದು ಗಿಡದ ಟೊಂಗೆಯನ್ನೂ ಇಟ್ಟಿಲ್ಲ. ಜೋರಾಗಿ ಬಂದ ಕಾರು ಹೋಗಿ ಗುದ್ದುತ್ತದೆ. ಹಿಂದಿನ ಸೀಟಲ್ಲಿ ಕೂತವನ ತೊಡೆ ಮೂಳೆ ಮುರಿಯುತ್ತದೆ.

ತಪ್ಪು ಯಾರದ್ದು? ಕತ್ತಲಲ್ಲಿ ಹಾಗೇ ನಿಲ್ಲಿಸಿದವನದ್ದೂ ಹೌದು, ಮುಂದೆ ಕಾಣದಿದ್ದರೂ ಜೋರಾಗಿ ಓಡಿಸಿದವನದ್ದೂ ಹೌದು. ಸುಮ್ನೆ ಕೂತಿದ್ದವನದ್ದು ಮಾತ್ರ ಅಲ್ಲ. ಹೀಗೆ ಇಬ್ಬರು ಅಥವಾ ಹೆಚ್ಚು ಜನರ ಅಜಾಗರೂಕತೆ ಸೇರಿ ಮೂರನೆಯವನಿಗೆ ಪೆಟ್ಟಾದರೆ ಅದು ಕಾಂಪೋಸಿಟ್ ನೆಗ್ಲಿಜೆನ್ಸ್. ಕೂಡು ತಪ್ಪು ಅನ್ನಬಹುದೇನೋ, ಆದರೆ ಕೋರ್ಟ್ ಹತ್ತಿರ ಹೋದರೆ ವಕೀಲರ ಬಾಯಲ್ಲಿ ಕೇಳುವುದು ಇಂಗ್ಲಿಷ್ ಪದವೇ.

ಇದರ ತಮ್ಮನಂಥ ಇನ್ನೊಂದು ಪದ ಇದೆ, ಕಾಂಟ್ರಿಬ್ಯೂಟರಿ ನೆಗ್ಲಿಜೆನ್ಸ್. ಪೆಟ್ಟು ತಿಂದವನದ್ದೇ ತಪ್ಪಿನಲ್ಲಿ ಪಾಲಿದ್ದರೆ ಅದು. ಎರಡನ್ನೂ ಕಲಸಿಬಿಡುವುದು ಬಹಳ. 2008ರಲ್ಲಿ ಸುಪ್ರೀಂ ಕೋರ್ಟೇ ಟಿ.ಒ. ಆಂಟನಿ ಪ್ರಕರಣದಲ್ಲಿ ಈ ಎರಡರ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಯಿತು.

ಲೆಕ್ಕದಲ್ಲಿ ನೋಡಿದರೆ ಬೇಗ ತಿಳಿಯುತ್ತದೆ. ನಮ್ಮ ಉದಾಹರಣೆಯಲ್ಲಿ ಕಾರಿನವನ ತಪ್ಪು 60, ಟ್ರ್ಯಾಕ್ಟರಿನವನದ್ದು 40 ಅಂತ ಇಟ್ಟುಕೊಳ್ಳಿ. ಹಿಂದೆ ಕೂತವನಿಗೆ 10 ಲಕ್ಷ ಪರಿಹಾರ ಅಂತ ತೀರ್ಮಾನವಾದರೆ ಅವನು ಪೂರ್ತಿ 10 ಲಕ್ಷವನ್ನು ಇಬ್ಬರಲ್ಲಿ ಯಾರಿಂದ ಬೇಕಾದರೂ ಕೇಳಬಹುದು, ಆ 60–40 ಅವನಿಗೆ ಸಂಬಂಧವೇ ಇಲ್ಲ. ಕಾರು ಓಡಿಸುತ್ತಿದ್ದವನಿಗೂ ಅಷ್ಟೇ ಪೆಟ್ಟಾಗಿ ಅಷ್ಟೇ ಲೆಕ್ಕ ಬಂದಿದ್ದರೆ? ಅವನ ಪಾಲಿನ 6 ಲಕ್ಷ ಕಡಿದು ಹೋಗುತ್ತದೆ, ಟ್ರ್ಯಾಕ್ಟರ್ ಕಡೆಯಿಂದ ಬರುವುದು 4 ಲಕ್ಷ. ಪಕ್ಕದ ಸೀಟಲ್ಲಿದ್ದ ಅವನ ಹೆಂಡತಿಯ ಗಾಯಕ್ಕೆ ಮಾತ್ರ ಕಡಿತ ಇಲ್ಲ. ಸ್ಟೇರಿಂಗ್ ಹಿಡಿದಿದ್ದು ಅವಳಲ್ಲ ಅಲ್ವಾ.

ಬೈಕಿನ ಮೇಲೆ ಮೂರು ಜನ ಹೋಗುವುದು ನಮ್ಮ ಕಡೆ ಮಾಮೂಲು, ಅದಕ್ಕೇ ಇದೊಂದು ಮಾತು. ಮೂವರು ಕೂತಿದ್ದರು ಅನ್ನುವ ಒಂದೇ ಕಾರಣಕ್ಕೆ ಹಿಂದಿನ ಸವಾರನ ಪರಿಹಾರ ಕಡಿಯುವಂತಿಲ್ಲ, ಅಪಘಾತಕ್ಕೋ ಗಾಯಕ್ಕೋ ಅದೇ ಕಾರಣವಾಯಿತು ಅಂತ ತೋರಿಸಬೇಕು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಂತ ಮೂರು ಜನ ಹೋಗಿ ಅಂತಲ್ಲ!

ಇಬ್ಬರಲ್ಲಿ ಯಾರಿಂದಲಾದರೂ ಪೂರ್ತಿ ವಸೂಲಿ ಅನ್ನುವುದನ್ನೇ ಕಾಗದದಲ್ಲಿ ‘ಜಂಟಿಯಾಗಿ ಹಾಗೂ ಪ್ರತ್ಯೇಕವಾಗಿ ಹೊಣೆ’ ಅಂತ ಬರೆಯುವುದು. ಟ್ರ್ಯಾಕ್ಟರಿಗೆ ಇನ್ಶೂರೆನ್ಸೇ ಇಲ್ಲ, ಮಾಲೀಕನ ಕೈಯಲ್ಲಿ ಕಾಸಿಲ್ಲ ಅಂದಾಗ ಇದರ ಬೆಲೆ ತಿಳಿಯುತ್ತದೆ. ಕಾರಿಗೆ ಪ್ರಯಾಣಿಕರೂ ಸೇರುವ ಪ್ಯಾಕೇಜ್ ಪಾಲಿಸಿ ಇದ್ದರೆ ಆ ಕಂಪನಿ ಪೂರ್ತಿ ಕೊಟ್ಟು, ಆಮೇಲೆ ಟ್ರ್ಯಾಕ್ಟರಿನವನ ಬೆನ್ನು ಹತ್ತಬೇಕು. ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ಖಾಸಗಿ ಕಾರಿನೊಳಗೆ ಕೂತವರಿಗೆ ಅದು ಸಾಮಾನ್ಯವಾಗಿ ಒದಗುವುದಿಲ್ಲ, ಆಗ ಕಾರಿನ ಮಾಲೀಕನನ್ನೇ ಹಿಡಿಯಬೇಕಾಗುತ್ತದೆ.

ಹಾಗಾದರೆ ದುಡ್ಡಿರುವ ಒಬ್ಬರ ಮೇಲಷ್ಟೇ ಕೇಸು ಹಾಕಿದರೆ ಸಾಕಲ್ವಾ? ಸಾಕು. ಸುಪ್ರೀಂ ಕೋರ್ಟಿನ 2015ರ ಖೇನ್ಯೆಯಿ ತೀರ್ಪು ಅದನ್ನೇ ಹೇಳುತ್ತದೆ: ಒಬ್ಬರ ಮೇಲಾದರೂ ಹಾಕಿ, ಎಲ್ಲರ ಮೇಲಾದರೂ ಹಾಕಿ, ಅರ್ಜಿದಾರನ ಇಷ್ಟ. ಆದರೂ ಎರಡೂ ಗಾಡಿಯ ಮಾಲೀಕರನ್ನು, ಎರಡೂ ಇನ್ಶೂರೆನ್ಸ್ ಕಂಪನಿಗಳನ್ನು ಎದುರುದಾರರಾಗಿ ಸೇರಿಸುವುದೇ ಒಳ್ಳೆಯದು ಅಂತ ನನಗೆ ಅನಿಸುತ್ತದೆ. ಯಾಕೆಂದರೆ ನೀವು ಕಾರಿನವನ ಮೇಲಷ್ಟೇ ಹಾಕಿ, ಕೊನೆಗೆ ತಪ್ಪೆಲ್ಲ ಟ್ರ್ಯಾಕ್ಟರಿನದ್ದೇ ಅಂತ ತೀರ್ಮಾನವಾದರೆ ಕೈಗೆ ಏನೂ ಬರಲ್ಲ. ಎಲ್ಲರೂ ಇದ್ದರೆ ಅವರವರ ಪಾಲು ಎಷ್ಟು ಅಂತ ಅಲ್ಲೇ ತೀರ್ಮಾನವಾಗುತ್ತದೆ, ಜಾಸ್ತಿ ಕೊಟ್ಟವರು ಇನ್ನೊಬ್ಬರಿಂದ ವಸೂಲಿ ಮಾಡಿಕೊಳ್ಳುವುದೂ ಸುಲಭ.

ಅರ್ಜಿ ಹಾಕುವುದು ಮೋಟಾರು ವಾಹನ ಕಾಯ್ದೆಯ 166ನೇ ಕಲಂ ಕೆಳಗೆ. ಅಪಘಾತ ಆದ ಊರಿನ ನ್ಯಾಯಮಂಡಳಿಯಲ್ಲೂ ಆಗುತ್ತದೆ, ನೀವಿರುವ ಊರಿನದ್ದರಲ್ಲೂ ಆಗುತ್ತದೆ. 2019ರ ತಿದ್ದುಪಡಿ ಆರು ತಿಂಗಳ ಗಡುವು ಹಾಕಿದೆ, ಅದು ಜಾರಿಗೆ ಬಂದದ್ದು 2022ರ ಏಪ್ರಿಲ್‌ನಲ್ಲಿ. ಪ್ಲಾಸ್ಟರ್ ಬಿಚ್ಚಲಿ ನೋಡೋಣ ಅಂತ ಕಾಯಬೇಡಿ.

ಇನ್ನು ರಾಜಿ. ಲೋಕ ಅದಾಲತ್ ಹತ್ತಿರ ಬಂದಾಗ ಒಂದು ಕಂಪನಿ ‘ನಮ್ಮ ಪಾಲು ಇಷ್ಟು, ತಗೊಳ್ಳಿ’ ಅನ್ನುತ್ತದೆ. ಕೈಗೆ ಬೇಗ ಬರುವ ದುಡ್ಡು, ತಗೊಳ್ಳುವುದು ತಪ್ಪಲ್ಲ. ಒಬ್ಬರ ಜೊತೆ ರಾಜಿಯಾದ ಮಾತ್ರಕ್ಕೆ ಇನ್ನೊಬ್ಬರು ಬಚಾವಾಗುವುದೂ ಇಲ್ಲ. ಆದರೆ ಜಾಯಿಂಟ್ ಮೆಮೋದಲ್ಲಿ, ಅಂದರೆ ಎರಡೂ ಕಡೆಯವರು ಸಹಿ ಹಾಕುವ ರಾಜಿ ಪತ್ರದಲ್ಲಿ, ‘ಈ ಅಪಘಾತದ ಪೂರ್ತಿ ಪರಿಹಾರ ಸಂದಾಯವಾಗಿದೆ’ ಅಂತ ಬರೆದಿದ್ದರೆ ಇನ್ನೊಬ್ಬರಿಂದ ಕೇಳಲು ಏನೂ ಉಳಿಯುವುದಿಲ್ಲ, ಅದಾಲತ್ ಅವಾರ್ಡಿನ ಮೇಲೆ ಅಪೀಲೂ ಇಲ್ಲ. ಆ ಸಾಲಿನ ಬದಲು ‘ಈ ಎದುರುದಾರರ ಮಟ್ಟಿಗೆ ಮಾತ್ರ, ಉಳಿದವರ ಮೇಲಿನ ಕೇಸು ಮುಂದುವರಿಯುತ್ತದೆ’ ಅಂತ ಬರೆಸಿ, ವಕೀಲರ ಹತ್ತಿರ ಕನ್ನಡದಲ್ಲಿ ಓದಿಸಿಕೊಂಡು, ಆಮೇಲೆ ಸಹಿ ಹಾಕಿ.