ಕಲ್ಲಾದ ಕಾಲಿಗೆ ಒಂದು ಅಳತೆ

ಮುಂಬಯಿಯ ಮಾಟುಂಗದ ಉಡುಪಿ ಹೋಟೆಲೊಂದರಲ್ಲಿ ಬೆಳಗಿನ ಐದು ಗಂಟೆಯಿಂದ ದೋಸೆ ಕಾವಲಿಯ ಮುಂದೆ ನಿಲ್ಲುವ ಕುಂದಾಪುರದ ಭಟ್ಟರೊಬ್ಬರು, ಮಧ್ಯಾಹ್ನದ ಬಿಡುವಿನಲ್ಲಿ ನನ್ನ ಫಿಸಿಯೋಥೆರಪಿ ಚಿಕಿತ್ಸಾಲಯಕ್ಕೆ ಬಂದು, "ಕಾಲ್ ಕಲ್ಲಾಯ್ತ್ ಕಾಣಿ" ಎಂದು ಮೀನಖಂಡವನ್ನು ತೋರಿಸಿದರು. ಹೆಬ್ಬೆರಳಿನಿಂದ ಒತ್ತಿ ನೋಡಿದೆ. ನನ್ನ ಬೆರಳಿಗೆ ಅದು ಆರೋಗ್ಯವಂತರ ಸಾಧಾರಣ ಸ್ನಾಯುವಾಗಿಯೇ ತೋರಿತು. ಅವರ ಅನುಭವ ಸುಳ್ಳಲ್ಲ, ನನ್ನ ಬೆರಳೂ ಸುಳ್ಳು ಹೇಳುತ್ತಿರಲಿಲ್ಲ. ಆದರೆ ಇಬ್ಬರೂ ಒಂದೇ ಸಂಗತಿಯನ್ನು ಹೇಳುತ್ತಿದ್ದೇವೆಯೇ ಎಂದು ತಿಳಿಯಲು ನಮ್ಮ ನಡುವೆ ಒಂದು ಅಂಕಿ ಬೇಕಾಗಿತ್ತು.

ಆಡುಮಾತಿನಲ್ಲಿ ನಾವು "ಬಿಗಿ" ಎಂಬ ಒಂದೇ ಪದದಲ್ಲಿ ಹೇಳಿಬಿಡುವುದನ್ನು ವಿಜ್ಞಾನ ಮೂರಾಗಿ ಬಿಡಿಸುತ್ತದೆ. ಸ್ನಾಯುವನ್ನು ಒತ್ತಿದಾಗ ಅದು ಎಷ್ಟು ಪ್ರತಿರೋಧ ಒಡ್ಡುತ್ತದೆ ಎಂಬುದು ಬಿಗಿತ. ಸುಮ್ಮನೆ ಮಲಗಿದ್ದಾಗಲೂ ಅದರಲ್ಲಿ ಉಳಿದಿರುವ ಸೆಳೆತಕ್ಕೆ ಟೋನ್ ಎನ್ನುತ್ತೇವೆ. ಒತ್ತಡ ತೆಗೆದ ಮೇಲೆ ಎಷ್ಟು ಶಕ್ತಿಯನ್ನು ಕಳೆದುಕೊಳ್ಳದೆ ಮೊದಲಿನ ಆಕಾರಕ್ಕೆ ಮರಳುತ್ತದೆ ಎಂಬುದು ಸ್ಥಿತಿಸ್ಥಾಪಕತೆ. ಪೂರ್ಣ ವಿಶ್ರಾಂತಿಯಲ್ಲಿರುವ ಸ್ನಾಯುವಿನಲ್ಲಿ ವಿದ್ಯುತ್ ಚಟುವಟಿಕೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಆದರೂ ಅದು ಜೋತುಬೀಳದಿರುವುದಕ್ಕೆ ಸ್ನಾಯುವನ್ನು ಸುತ್ತಿರುವ ಸಂಯೋಜಕ ಅಂಗಾಂಶವೂ, ಪ್ರತಿ ಎಳೆಯೊಳಗೆ ಸ್ಪ್ರಿಂಗಿನಂತೆ ಕೆಲಸ ಮಾಡುವ ಟೈಟಿನ್ ಎಂಬ ದೈತ್ಯ ಪ್ರೋಟೀನೂ ಕಾರಣ.

ಇವನ್ನು ಅಳೆಯುವ ಕೈಹಿಡಿ ಸಾಧನದ ಹೆಸರು ಮಯೋಟಾನ್. ಎಸ್ಟೋನಿಯಾದಲ್ಲಿ ರೂಪುಗೊಂಡ ಇದನ್ನು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಗಗನಯಾತ್ರಿಗಳ ಸ್ನಾಯುಗಳ ಮೇಲೂ ಬಳಸಿದ್ದಾರೆ. ಅದರ ಸಣ್ಣ ತುದಿಯನ್ನು ಚರ್ಮಕ್ಕೆ ನೇರವಾಗಿ ತಾಗಿಸಿದರೆ, ಮೊದಲು 0.18 ನ್ಯೂಟನ್‌ನಷ್ಟು ಹಗುರಾಗಿ ಒತ್ತಿ, ಆಮೇಲೆ 15 ಮಿಲಿಸೆಕೆಂಡಿನಷ್ಟು ಹೊತ್ತು 0.4 ನ್ಯೂಟನ್‌ನ ಪುಟ್ಟ ತಟ್ಟು ಕೊಡುತ್ತದೆ. ಭಟ್ಟರಿಗೆ ಅದು ಯಾರೋ ಬೆರಳ ತುದಿಯಿಂದ ಟಕ್ಕೆಂದು ಮುಟ್ಟಿದಂತಾಯಿತಂತೆ. ತಟ್ಟಿದ ಮೇಲೆ ಸ್ನಾಯು ಕ್ಷಣಕಾಲ ನಡುಗಿ ತಣ್ಣಗಾಗುತ್ತದೆ. ವೇಗದ ಏರಿಳಿತವನ್ನು ಅಳೆಯುವ, ಸಾಧನದೊಳಗಿನ ವೇಗೋತ್ಕರ್ಷಮಾಪಕ ಆ ನಡುಕವನ್ನೇ ಬರೆದುಕೊಳ್ಳುತ್ತದೆ.

ಮುಚ್ಚಿಗೆ ಬಿಗಿದಷ್ಟೂ ಮೃದಂಗದ ಶ್ರುತಿ ಏರುವಂತೆ, ಸೆಳೆತ ಹೆಚ್ಚಿದಷ್ಟೂ ಈ ನಡುಕದ ಆವರ್ತನ ಏರುತ್ತದೆ, ಮತ್ತು ಟೋನ್‌ಗೆ ಅದೇ ಅಳತೆ. ವಿಶ್ರಾಂತಿಯಲ್ಲಿರುವ ಕೈಕಾಲುಗಳಲ್ಲಿ ಅದು ಬಹುಪಾಲು 10ರಿಂದ 20 ಹರ್ಟ್ಸ್‌ನೊಳಗೆ ಇರುತ್ತದೆ. ಬಿಗಿತ ನ್ಯೂಟನ್ ಪ್ರತಿ ಮೀಟರ್ ಲೆಕ್ಕದಲ್ಲಿ ಬರುತ್ತದೆ. ಸ್ಥಿತಿಸ್ಥಾಪಕತೆಯನ್ನು ತಿಳಿಯಲು ತೊಟ್ಟಿಲನ್ನು ನೆನೆಯಿರಿ: ಒಮ್ಮೆ ತೂಗಿ ಬಿಟ್ಟರೆ ಪ್ರತಿ ತೂಗೂ ಹಿಂದಿನದಕ್ಕಿಂತ ಚಿಕ್ಕದು. ಆ ಕುಗ್ಗುವಿಕೆ ಕಡಿಮೆಯಾದಷ್ಟೂ ಸ್ನಾಯು ಹೆಚ್ಚು ಸ್ಥಿತಿಸ್ಥಾಪಕ. ಅಂದರೆ ಇಲ್ಲಿ ಸಣ್ಣ ಅಂಕಿಯೇ ಒಳ್ಳೆಯದು. ನನ್ನ ವಿದ್ಯಾರ್ಥಿಗಳು ಮೊದಮೊದಲು ತಪ್ಪುವುದೂ ಇಲ್ಲಿಯೇ.

ಆಳದ ಸ್ನಾಯುಗಳಿಗೆ ಈ ತಟ್ಟು ಮುಟ್ಟುವುದಿಲ್ಲ, ಚರ್ಮದಡಿಯ ಕೊಬ್ಬು ದಪ್ಪವಾಗಿದ್ದರೂ ಅಳತೆ ಮಸುಕಾಗುತ್ತದೆ. ಅಲ್ಲಿ ಅಲ್ಟ್ರಾಸೌಂಡ್ ಎಲಾಸ್ಟೋಗ್ರಫಿ ನೆರವಿಗೆ ಬರುತ್ತದೆ: ಸ್ನಾಯುವಿನೊಳಗೆ ಅಡ್ಡಲೆಯೊಂದನ್ನು (ಸಾಗುವ ದಿಕ್ಕಿಗೆ ಅಡ್ಡವಾಗಿ ಅಲುಗಿಸುವ ಅಲೆ) ಹುಟ್ಟಿಸಿ ಅದರ ವೇಗವನ್ನು ಅಳೆಯುತ್ತಾರೆ. ವೇಗ ಎರಡು ಪಟ್ಟಾದರೆ ಬಿಗಿತ ನಾಲ್ಕು ಪಟ್ಟು.

ಸಾಧನಕ್ಕಿಂತ ಹೆಚ್ಚಿನ ಎಚ್ಚರ ಬೇಕಾಗುವುದು ಭಂಗಿಯಲ್ಲಿ. ಅಳತೆಯ ನಡುವೆ ಭಟ್ಟರ ಫೋನ್ ರಿಂಗಾಯಿತು. ಅವರು ತಲೆ ಎತ್ತಿದರು, ಅರಿವಿಲ್ಲದೆಯೇ ಕಾಲ್ಬೆರಳು ಮಡಚಿದರು, ಪರದೆಯ ಮೇಲಿನ ಅಂಕಿ ಥಟ್ಟನೆ ಮೇಲೇರಿತು. ಪಾದವನ್ನು ಮೊಣಕಾಲಿನ ಕಡೆಗೆ ಮಡಚಿದರೂ ಮೀನಖಂಡ ಹಿಗ್ಗಿ ಅಂಕಿ ಏರುತ್ತದೆ. ಆದ್ದರಿಂದ ಬೋರಲು ಮಲಗಿಸಿ, ಪಾದವನ್ನು ಹಾಸಿಗೆಯಂಚಿನ ಆಚೆ ಇಳಿಬಿಟ್ಟು, ಚರ್ಮದ ಮೇಲೆ ಗುರುತು ಹಾಕಿ, ಕೆಲವು ನಿಮಿಷ ಸುಮ್ಮನಿರಿಸಿದ ಮೇಲೆಯೇ ನಾನು ಅಳೆಯುವುದು. ಯಾವ ಭಂಗಿಯಲ್ಲಿ ಅಳೆದದ್ದೆಂದು ಬರೆಯದ ಅಂಕಿಗೆ ನನ್ನ ಮಟ್ಟಿಗೆ ಬೆಲೆಯಿಲ್ಲ.

ಕಾಯಿಲೆಯಿಲ್ಲದವರನ್ನು ಅಳೆಯುವುದೇಕೆ ಎಂದು ಹಲವರು ಕೇಳುತ್ತಾರೆ. ಪಾರ್ಶ್ವವಾಯುವಿನ ನಂತರದ ಬಿಗಿತವನ್ನು ಇಂದಿಗೂ ಹೆಚ್ಚಾಗಿ ಆಶ್‌ವರ್ತ್ ಮಾಪನದಲ್ಲಿ, ಕೈಯಿಂದ ಅಂಗವನ್ನು ಚಾಚಿ ನೋಡಿ, 0ಯಿಂದ 4ರವರೆಗೆ ದರ್ಜೆ ಕೊಟ್ಟು ಹೇಳುತ್ತೇವೆ. ಅದಕ್ಕಿಂತ ಸೂಕ್ಷ್ಮವಾಗಿ ಹೇಳಬೇಕಾದರೆ ಆರೋಗ್ಯವಂತರ ಅಂಕಿಗಳು ಎಷ್ಟರಿಂದ ಎಷ್ಟರವರೆಗೆ ಹರಡಿವೆ ಎಂಬುದು ಮೊದಲು ಗೊತ್ತಿರಬೇಕು. ಆ ಹರವು ದೊಡ್ಡದು: ವಯಸ್ಸು, ಲಿಂಗ, ವ್ಯಾಯಾಮ, ಯಾವ ಸ್ನಾಯು ಎಂಬುದು, ಎಲ್ಲವೂ ಅದನ್ನು ಬದಲಿಸುತ್ತವೆ. ಹಾಗಾಗಿ ಎಲ್ಲರಿಗೂ ಸಲ್ಲುವ ಒಂದು "ಸರಿಯಾದ" ಅಂಕಿಯನ್ನು ಹುಡುಕುವುದಕ್ಕಿಂತ, ಅದೇ ವ್ಯಕ್ತಿಯ ಎಡಗಾಲನ್ನು ಬಲಗಾಲಿನೊಡನೆ, ಇಂದನ್ನು ನಿನ್ನೆಯೊಡನೆ ಹೋಲಿಸುವುದು ಹೆಚ್ಚು ಪ್ರಯೋಜನಕರ.

ಭಟ್ಟರನ್ನು ವಾರದ ರಜೆಯ ದಿನ ಇನ್ನೊಮ್ಮೆ ಕರೆಸಿದೆ. ಎರಡೂ ದಿನದ, ಎರಡೂ ಕಾಲಿನ ಅಂಕಿಗಳು ಹತ್ತಿರಹತ್ತಿರವೇ ಇದ್ದವು. ರಜೆಯ ದಿನ ಅವರಿಗೆ ಕಾಲು ಕಲ್ಲೆನಿಸಿರಲಿಲ್ಲ, ಅಷ್ಟೇ. ಸ್ನಾಯು ಗಟ್ಟಿಯಾಗದೆಯೂ ಗಟ್ಟಿಯಾದಂತೆ ಅನಿಸಬಹುದೆಂಬುದು ಈ ಅಳತೆಗಳಿಂದ ನಾನು ಕಲಿತದ್ದು. ಎಣ್ಣೆ ಹಚ್ಚಿ ಉಜ್ಜಿಸಿಕೊಳ್ಳುತ್ತಿದ್ದ ಅವರಿಗೆ, ಕಾವಲಿಯ ಪಕ್ಕ ಒಂದು ಸ್ಟೂಲ್ ಇಟ್ಟುಕೊಂಡು ಗಂಟೆಗೊಮ್ಮೆ ಕೂರಲು ಹೇಳಿ ಕಳಿಸಿದೆ.