ಹಾವು ಬರೀ ನೆಪ: 1847ರ ಒಂದು ಅಮೃತಶಿಲೆಯ ಜಗಳ

ಪ್ಯಾರಿಸ್ಸಿನ ಓರ್ಸೆ ಮ್ಯೂಸಿಯಂನಲ್ಲಿ ಅಮೃತಶಿಲೆಯ ಹೆಂಗಸೊಬ್ಬಳು ಹೂಗಳ ಮೇಲೆ ಮೈ ತಿರುಚಿಕೊಂಡು ಮಲಗಿದ್ದಾಳೆ. ಶಿಲ್ಪದ ಹೆಸರು 'ಹಾವು ಕಚ್ಚಿದ ಹೆಣ್ಣು'. ಹಾವೆಲ್ಲಿ ಅಂತ ಹುಡುಕಿದರೆ ಮುಂಗೈಗೆ ಸುತ್ತಿಕೊಂಡ ಪುಟ್ಟದೊಂದು ಸಿಗುತ್ತದೆ, ಬಳೆ ಅಂದುಕೊಂಡು ಮುಂದೆ ಹೋಗಿಬಿಡುವಷ್ಟು ಚಿಕ್ಕದು. ಅವಳು ಒದ್ದಾಡುತ್ತಿರುವುದು ವಿಷದಿಂದ ಅಂತ ನನಗಂತೂ ಅನ್ನಿಸುವುದಿಲ್ಲ. ಆಗಿನವರಿಗೂ ಅನ್ನಿಸಲಿಲ್ಲ.

ಶಿಲ್ಪಿ ಆಗಸ್ಟ್ ಕ್ಲೆಸಾಂಜೆ ಇದನ್ನು 1847ರಲ್ಲಿ ಸಲೋನ್ ಎಂಬ ದೊಡ್ಡ ಕಲಾ ಪ್ರದರ್ಶನದಲ್ಲಿಟ್ಟಾಗ ಗಲಾಟೆ ಎದ್ದಿತು. ಬೆತ್ತಲೆ ಅಂತಲ್ಲ. ವೀನಸ್, ಡಯಾನಾ ಅಂತ ಹೆಸರಿಟ್ಟ ಬೆತ್ತಲೆ ಮೂರ್ತಿಗಳು ಅಲ್ಲಿ ಮಾಮೂಲಿ. ಆದರೆ ದೇವತೆಯ ಮೈ ನುಣುಪಾಗಿರಬೇಕು, ಯಾರ ಮೈಯೂ ಆಗಿರಬಾರದು. ಇವಳ ತೊಡೆಯ ಮೇಲೆ ಕೊಬ್ಬಿನ ಗುಳಿಗಳಿದ್ದವು!

ಆ ತೊಡೆ ಯಾರದು ಅನ್ನುವುದೂ ಗುಟ್ಟಾಗಿರಲಿಲ್ಲ. ಅಪೊಲೊನಿ ಸಬಾತಿಯೆ, ಲೇಖಕರು ಕಲಾವಿದರು ಸುತ್ತ ನೆರೆಯುತ್ತಿದ್ದ ಹೆಂಗಸು, ಮುಂದೆ ಕವಿ ಬೋದಿಲೇರ್ ಮರುಳಾದದ್ದೂ ಇವಳಿಗೇ. ಶಿಲ್ಪ ಮಾಡಿಸಿದ್ದು ಅವಳ ಗೆಳೆಯ, ಬೆಲ್ಜಿಯಂನ ಉದ್ಯಮಿ ಮೊಸೆಲ್ಮನ್. ಅವಳ ಮೈಗೇ ಪ್ಲಾಸ್ಟರ್ ಹಚ್ಚಿ ಅಚ್ಚು ತೆಗೆದು, ಅದನ್ನು ನೋಡಿಕೊಂಡು ಕಲ್ಲು ಕೆತ್ತಿದ ಅನ್ನುವುದು ಕ್ಲೆಸಾಂಜೆ ಮೇಲಿನ ಆರೋಪ. ತೊಡೆಯ ಗುಳಿಗಳೇ ಸಾಕ್ಷಿ.

ಅಚ್ಚು ತೆಗೆಯುವುದು ಹೊಸದೇನಲ್ಲ. 1849ರಲ್ಲಿ ಸಂಗೀತಗಾರ ಷೋಪ್ಯಾಂ ತೀರಿಕೊಂಡಾಗ ಅವನ ಮುಖದ ಅಚ್ಚು ತೆಗೆದವನೂ ಇದೇ ಕ್ಲೆಸಾಂಜೆ. ಸತ್ತವರಿಗೆ ಅದು ಗೌರವ, ಬದುಕಿರುವ ಹೆಣ್ಣಿಗಾದರೆ ಹಗರಣ, ಶಿಲ್ಪಿಗೆ ಕಳ್ಳತನದ ಪಟ್ಟ. ಡೆಲಕ್ರಾ ಎಂಬ ಚಿತ್ರಕಾರ ತನ್ನ ದಿನಚರಿಯಲ್ಲಿ ಇದನ್ನು ಕಲ್ಲಿನ ಡಾಗೆರೋಟೈಪ್ ಅಂತ ಮೂದಲಿಸಿದ. ಆಗಿನ ಫೋಟೋ ಅದು, 1839ರಲ್ಲಷ್ಟೇ ಬಂದಿತ್ತು, ಕಲಾವಿದರಿಗೆಲ್ಲ ಅದರ ಮೇಲೆ ಒಂದು ಕಣ್ಣು, ಒಂದಿಷ್ಟು ಭಯ. ಯಂತ್ರವೇ ಎಲ್ಲ ಮಾಡಿದರೆ ಕೈಗೇನು ಕೆಲಸ ಅಲ್ವಾ?

ನನ್ನ ಲೆಕ್ಕದಲ್ಲಿ ಅಚ್ಚು ತೆಗೆದಿದ್ದರೂ ಅವನ ಕೆಲಸ ಸಣ್ಣದಾಗುವುದಿಲ್ಲ. ಬಿದ್ದು ಒದ್ದಾಡುವ ಆ ಭಂಗಿ ಅಚ್ಚಿನಿಂದ ತಾನಾಗಿ ಬರುವಂಥದ್ದಲ್ಲ. ಗೋತಿಯೆಯಂಥ ವಿಮರ್ಶಕ ಆಗಲೇ ಮೆಚ್ಚಿ ಬರೆದಿದ್ದ.

ಈ ಅನುಮಾನ 30 ವರ್ಷವಾದರೂ ಸಾಯಲಿಲ್ಲ. 1877ರಲ್ಲಿ ರೊಡಾನ್ ಎಂಬ ಶಿಲ್ಪಿ ತನ್ನ 'ಕಂಚಿನ ಯುಗ' ಎಂಬ ಬೆತ್ತಲೆ ಗಂಡಸಿನ ಮೂರ್ತಿ ತೋರಿಸಿದಾಗ ಅವನ ಮೇಲೂ ಅದೇ ಆರೋಪ ಬಂತು. ಅವನು ಮಾಡೆಲ್‌ನ ಫೋಟೋಗಳನ್ನು ಮುಂದಿಟ್ಟು ವಾದಿಸಿದ. ಆಮೇಲೆ ಬೈಬಲ್ಲಿನ ಸ್ನಾನಿಕ ಯೋಹಾನನ ಮೂರ್ತಿಯನ್ನು ಬೇಕಂತಲೇ ಆಳಿಗಿಂತ ದೊಡ್ಡದು ಮಾಡಿದ. ಅಷ್ಟು ದೊಡ್ಡ ಅಚ್ಚನ್ನು ಯಾರ ಮೈಯಿಂದ ತೆಗೆಯಲು ಸಾಧ್ಯ?